ಸ್ವ ಇಚ್ಛೆಯಿಂದ

ಕಛೇರಿಗೆ ಹೋಗಲು ಮನಸ್ಸು ಬಾರದಿರುವುದು ಹೊಸ ರೋಗವೇನೂ ಅಲ್ಲ. ಸೋಮವಾರದ ಬೆಳಗ್ಗೆ ಅದು ನಮ್ಮ ನಾಡಿನ ಮನೆಮನೆಯಲ್ಲೂ ಕಾಣಿಸಿಕೊಂಡು, ಹತ್ತು ಗಂಟೆಯ ಹೊತ್ತಿಗೆ ತಾನಾಗಿಯೇ ಇಳಿದುಹೋಗುತ್ತದೆ. ಅದಕ್ಕೆ ವೈದ್ಯರು ಬೇಕಿಲ್ಲ. ತಿಂಗಳ ಸಂಬಳವೇ ಮದ್ದು. ಲೆಕ್ಕದ ಪುಸ್ತಕಗಳ ಮುಂದೆ ಮೂವತ್ತು ವರ್ಷ ಸವೆಸಿರುವ ನಾನು ಈ ರೋಗದ ಲಕ್ಷಣಗಳನ್ನೆಲ್ಲ ಚೆನ್ನಾಗಿ ಬಲ್ಲೆ. ಆದರೆ 2020ನೆಯ ಇಸವಿಯ ಬೇಸಗೆಯಲ್ಲಿ ನಮ್ಮನ್ನು ಹಿಡಿದದ್ದು ಇದಲ್ಲ. ಆಗ ಕೆಲಸ ಮಾಡುವ ಮನಸ್ಸಿದ್ದವರಿಗೂ ಕಾಲು ಏಳಲಿಲ್ಲ. ಕಾಲು ಎದ್ದವರು ಹೊಸಿಲು ದಾಟುವ ಮುನ್ನ ಒಮ್ಮೆ ಹಿಂದಿರುಗಿ ಮನೆಯೊಳಗೆ ನೋಡುತ್ತಿದ್ದರು. ಅದನ್ನು ಸೋಮಾರಿತನವೆಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. “ಮನೆಯಲ್ಲಿ ಕೂತು ಸಂಬಳ ತಿಂದ ರುಚಿ ಹತ್ತಿತ್ತು ಬಿಡಿ ಇವರಿಗೆ” ಎಂದು ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ, ನನ್ನ ಎದುರೆಲೆಯ ಮಹನೀಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅಪ್ಪಣೆ ಕೊಡಿಸಿದರು. ಊಟದೆಲೆಯ ಮುಂದೆ ವಾದ ಮಾಡಬಾರದೆಂದು ಹಿರಿಯರು ಹೇಳಿದ್ದಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷದ ಮಾರ್ಚಿ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ದೂರದರ್ಶನದಲ್ಲಿ ಮಾತನಾಡಿ ಮುಗಿಸುವ ಹೊತ್ತಿಗೆ ನಮ್ಮ ಬೀದಿಯ ದಿನಸಿ ಅಂಗಡಿಯ ಮುಂದೆ ಜಾತ್ರೆ ನೆರೆದಿತ್ತು. ನಡುರಾತ್ರಿಗೆ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಅದಕ್ಕೆ ಹನ್ನೆರಡು ದಿನ ಮುಂಚೆ ಕಲಬುರಗಿಯ ವೃದ್ಧರೊಬ್ಬರ ಸಾವು ಭಾರತದಲ್ಲಿ ಈ ರೋಗದಿಂದಾದ ಮೊದಲ ಸಾವೆಂದು ಖಚಿತವಾಗಿತ್ತು. ಆದ್ದರಿಂದ ಕನ್ನಡ ನಾಡಿನವರಿಗೆ ಭಯವೂ ಒಂದು ಹೆಜ್ಜೆ ಮುಂಚಿತವಾಗಿಯೇ ಬಂದಿತ್ತೆನ್ನಬೇಕು.

ಮನೆಯಲ್ಲಿ ಕುಳಿತು ಕೆಲಸ ಮಾಡುವ ಸುಖವನ್ನು ಕುರಿತು ಕೇಳಿದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮದು ಬಸವನಗುಡಿಯ ಒಂದು ವಠಾರದ ಹಿಂಭಾಗದ ಮನೆ: ಒಂದು ನಡುಮನೆ, ಒಂದು ಕೋಣೆ, ಅಡಿಗೆಮನೆ. ಇದರಲ್ಲಿ ನಾನು, ನನ್ನಾಕೆ, ಕಾಲೇಜಿಗೆ ಹೋಗುವ ಮಗ, ಎಪ್ಪತ್ತೊಂಬತ್ತು ವರ್ಷದ ನನ್ನ ತಾಯಿ. ಮಗನ ಪಾಠಕ್ಕೂ ನನ್ನ ಲೆಕ್ಕಕ್ಕೂ ಸೇರಿ ಒಂದೇ ಕಂಪ್ಯೂಟರು. ನಾನು ಮುಂಬಯಿಯ ಪ್ರಧಾನ ಕಛೇರಿಯವರೊಡನೆ ಗಂಭೀರವಾಗಿ ಮಾತನಾಡುತ್ತಿರುವಾಗ ಕುಕ್ಕರು ಕೂಗುತ್ತದೆ, ಅಮ್ಮ ಅಡಿಗೆಮನೆಯಿಂದಲೇ “ಮೂರಾಯಿತೋ ನಾಲ್ಕಾಯಿತೋ?” ಎಂದು ಕೇಳುತ್ತಾಳೆ, ಆಚೆ ಕಡೆಯ ಅಧಿಕಾರಿಗಳು ಅದು ತಮ್ಮ ಲೆಕ್ಕಕ್ಕೆ ಸಂಬಂಧಿಸಿದ ಪ್ರಶ್ನೆಯೆಂದು ಭಾವಿಸಿ ಕಾಗದ ತಿರುವಿ ಹಾಕುತ್ತಾರೆ. ಕಛೇರಿಯಲ್ಲಾದರೆ ಐದೂವರೆಗೆ ಎದ್ದು ಹೋಗಬಹುದು. ಮನೆಯಿಂದ ಎದ್ದು ಎಲ್ಲಿಗೆ ಹೋಗುವುದು? ರಾತ್ರಿ ಹತ್ತಕ್ಕೂ ಫೋನು ಬರುತ್ತಿತ್ತು. ನಮ್ಮ ವಿಭಾಗದ ಒಬ್ಬ ಹೆಣ್ಣುಮಗಳಂತೂ, ಇಬ್ಬರು ಮಕ್ಕಳ ಪಾಠ, ಅತ್ತೆ ಮಾವಂದಿರ ಔಷಧಿ, ಗಂಡನ ಕಾಫಿ ಇವುಗಳ ನಡುವೆ ತಿಂಗಳ ಕೊನೆಯ ಲೆಕ್ಕ ಮುಗಿಸಿ, “ಸಾರ್, ಕಛೇರಿ ತೆಗೆದ ದಿನ ನನ್ನನ್ನೇ ಮೊದಲು ಕರೆಸಿ” ಎಂದು ಬೇಡಿಕೊಂಡಿದ್ದಳು. ಆಕೆಗೆ ಕಛೇರಿಯೇ ತವರುಮನೆ. ಹೀಗಾಗಿ ನೌಕರರೆಲ್ಲ ಮನೆಯನ್ನು ಕಚ್ಚಿಕೊಂಡು ಕುಳಿತಿದ್ದರೆಂಬುದು ನಿಜವಲ್ಲ.

ಮೇ ತಿಂಗಳು ಬಂತು. 4ನೆಯ ತಾರೀಖಿನಿಂದ ಖಾಸಗಿ ಕಛೇರಿಗಳು ಶೇಕಡಾ 33ರಷ್ಟು ಸಿಬ್ಬಂದಿಯನ್ನು ಕರೆಸಿಕೊಳ್ಳಬಹುದೆಂದು ಕೇಂದ್ರದ ಗೃಹಖಾತೆಯ ಅಪ್ಪಣೆಯಾಯಿತು. ನಮ್ಮ ಕಛೇರಿಯಲ್ಲಿ ನಲವತ್ತೊಂದು ಜನ. ಲೆಕ್ಕ ಹಾಕಿದರೆ ಹದಿಮೂರೂವರೆ ಜನ ಬಂದಿತು. ಆ ಅರ್ಧ ಮನುಷ್ಯ ಯಾರೆಂಬುದರ ಮೇಲೆ ಫೋನಿನಲ್ಲಿ ಎರಡು ದಿನ ವಿನೋದ ನಡೆಯಿತು. ಭಯವಿದ್ದಾಗ ಜನ ನಗುವುದು ಹೆಚ್ಚು. ಇದನ್ನು ಯಾರೂ ಸರಿಯಾಗಿ ವಿಚಾರಿಸಿದಂತೆ ಕಾಣೆ. ಕೊನೆಗೆ ಹದಿನಾಲ್ಕು ಜನರ ಪಟ್ಟಿ ಸಿದ್ಧವಾಯಿತು. ಅದರಲ್ಲಿ ನನ್ನ ಹೆಸರಿತ್ತು, ಕ್ಯಾಷಿಯರರ ಹೆಸರಿತ್ತು, ಆ ಹೆಣ್ಣುಮಗಳ ಹೆಸರಿರಲಿಲ್ಲ.

ಪಟ್ಟಿಯಲ್ಲಿ ಇಲ್ಲದಿದ್ದರೂ ದಿನವೂ ಬರುವ ಮೂವರಿದ್ದರು: ಕಾವಲುಗಾರ, ಕಸ ಗುಡಿಸುವಾಕೆ, ಮತ್ತು ನಮ್ಮ ಜವಾನ. ಜವಾನನೆಂದರೆ ಈಗಿನವರಿಗೆ ತಿಳಿಯದು. ಅವರ ಬಾಯಲ್ಲಿ ಅವನು ‘ಆಫೀಸ್ ಬಾಯ್’. ಆ ಬಾಲಕನ ವಯಸ್ಸು ಐವತ್ತೇಳು. ಈ ಮೂವರೂ ಯಾವುದೋ ಏಜೆನ್ಸಿಯ ಗುತ್ತಿಗೆಯ ಮೇಲೆ ಬಂದವರಾದ್ದರಿಂದ ಸಿಬ್ಬಂದಿಯ ಲೆಕ್ಕಕ್ಕೆ ಸೇರಿದವರಲ್ಲ. ಶೇಕಡಾ 33ರ ಒಳಗೂ ಇಲ್ಲ, ಹೊರಗೂ ಇಲ್ಲ. ಎಲ್ಲ ಮುಚ್ಚಿದ್ದ ಏಪ್ರಿಲಿನಲ್ಲಿಯೂ ಜವಾನ ಒಂದು ಚೀಟಿ ಹಿಡಿದುಕೊಂಡು ಕಾಮಾಕ್ಷಿಪಾಳ್ಯದಿಂದ ಸೈಕಲ್ ತುಳಿದು ಬಂದು, ಟಪಾಲು ತೆಗೆದು, ಚೆಕ್ಕುಗಳನ್ನು ಬ್ಯಾಂಕಿಗೆ ಹಾಕಿ ಹೋಗುತ್ತಿದ್ದ. ನಾವು ಹದಿನಾಲ್ಕು ಜನ ಎದೆ ಡವಗುಟ್ಟಿಸಿಕೊಂಡು ಮೊದಲ ದಿನ ಬಾಗಿಲಲ್ಲಿ ನಿಂತಾಗ, ನಮ್ಮ ಹಣೆಗೆ ಪಿಸ್ತೂಲಿನಂಥ ಯಂತ್ರವನ್ನು ಹಿಡಿದು ಜ್ವರ ಅಳೆದವನೂ ಅವನೇ. “ಅಂತೂ ಮತ್ತೆ ಬಂದೆವಲ್ಲಪ್ಪ” ಎಂದೆ. “ಹೋಗಿದ್ದೋರು ತಾನೇ ಸಾರ್ ಮತ್ತೆ ಬರೋದು” ಎಂದ. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ.

ಒಳಗೆ ಕಾಲಿಡುವ ಮೊದಲು ಒಂದು ಕಾಗದಕ್ಕೆ ಎಲ್ಲರೂ ರುಜು ಹಾಕಬೇಕಾಗಿತ್ತು. ಇಂಗ್ಲಿಷಿನಲ್ಲಿ ಒಂದು ಪುಟ, ಕೆಳಗೆ ಅದರ ಕನ್ನಡ. ಯಾರ ಒತ್ತಾಯವೂ ಇಲ್ಲದೆ ‘ಸ್ವ ಇಚ್ಛೆಯಿಂದ’ ನಾನು ಕಛೇರಿಗೆ ಹಾಜರಾಗುತ್ತಿದ್ದೇನೆ. ನನಗಾಗಲಿ ನನ್ನ ಕುಟುಂಬದವರಿಗಾಗಲಿ ಸೋಂಕು ತಗುಲಿದರೆ ಕಂಪನಿಯು ಹೊಣೆಯಲ್ಲ. ನನ್ನ ಮನೆಯಲ್ಲಿ ಅರವತ್ತೈದು ದಾಟಿದವರು ಇಂತಿಂಥವರು ಇದ್ದಾರೆ, ಅವರ ಹೆಸರು, ವಯಸ್ಸು, ಕಾಯಿಲೆ — ಹೀಗೆ. ಇದರ ಜೊತೆಗೇ ಬಂದಿದ್ದ ಇನ್ನೊಂದು ಸುತ್ತೋಲೆಯಲ್ಲಿ, ಹಾಜರಾಗದವರ ದಿನಗಳನ್ನು ಸಂಬಳವಿಲ್ಲದ ರಜೆಯಾಗಿ ಪರಿಗಣಿಸಲಾಗುವುದೆಂದಿತ್ತು. ಲಾಕ್‌ಡೌನಿನ ಕಾಲಕ್ಕೆ ಪೂರ್ತಿ ಸಂಬಳ ಕೊಡಬೇಕೆಂದು ಮಾರ್ಚಿ 29ರಂದು ಕೇಂದ್ರ ಹೊರಡಿಸಿದ್ದ ಆಜ್ಞೆ ಮೇ 18ರಿಂದ ರದ್ದಾಗಿತ್ತು. ಸುತ್ತೋಲೆಯ ತಾರೀಖು ಅದರ ಮಾರನೆಯ ದಿನದ್ದು.

ಸ್ವ ಎಂಬುದೂ ಇಚ್ಛೆ ಎಂಬುದೂ ಕೂಡಿದರೆ ಗುಣಸಂಧಿಯಾಗಿ ಸ್ವೇಚ್ಛೆಯಾಗುತ್ತದೆಂದು ನಮಗೆ ಹೈಸ್ಕೂಲಿನ ಪಂಡಿತರು ಬೆತ್ತ ಹಿಡಿದು ಕಲಿಸಿದ್ದರು. ಆದರೆ ಕನ್ನಡದಲ್ಲಿ ಸ್ವೇಚ್ಛೆಯೆಂದರೆ ಲಗಾಮಿಲ್ಲದ ನಡತೆ. ಕರಡು ಬರೆದ ವಕೀಲರು ಸಂಧಿಮಾಡದೆ ಎರಡನ್ನೂ ದೂರ ದೂರ ನಿಲ್ಲಿಸಿದ್ದು ಅದಕ್ಕೇ ಇರಬೇಕು. ಅಥವಾ ಆಗಿನ ನಿಯಮದಂತೆ ಆ ಪದಗಳೂ ಆರು ಅಡಿ ಅಂತರ ಕಾಯ್ದುಕೊಂಡಿದ್ದುವೋ ಏನೋ! ತಮಾಷೆಯನ್ನು ಬದಿಗಿಟ್ಟು ಯೋಚಿಸಿದರೆ, ಸಂಬಳ ಬೇಕಾದರೆ ಬಾ ಎನ್ನುವುದು ಒಂದು ಮಾತು. ಅದರಲ್ಲಿ ಮೋಸವಿಲ್ಲ. ನಮ್ಮ ತಾತ ಮುತ್ತಾತಂದಿರೂ ಆ ಮಾತಿಗೆ ತಲೆಬಾಗಿ ದುಡಿದವರೇ. ಬಾ ಎಂದು ಕರೆದು, ಬಂದವನ ಕೈಯಲ್ಲಿ ‘ನೀವು ಕರೆಯಲಿಲ್ಲ, ನಾನೇ ಬಂದೆ’ ಎಂದು ಬರೆಸಿಕೊಳ್ಳುವುದು ಬೇರೆ ಮಾತು. ನಮಗೆ ಚುಚ್ಚಿದ್ದು ಇದು. ರೋಗದ ಭಯಕ್ಕಿಂತ ಒಂದು ಕೂದಲೆಳೆ ಹೆಚ್ಚೇ ಚುಚ್ಚಿತೆಂದರೂ ತಪ್ಪಾಗಲಾರದು.

ಒಂದು ದಿನದ ಅವಕಾಶ ಕೇಳಿಕೊಂಡು ನಾನು ಆ ಕಾಗದವನ್ನು ಮನೆಗೆ ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ಕನ್ನಡದ ಭಾಗವನ್ನು ಪೂರ್ತಿ ಓದಿದಳು. ಅವಳು ಲೋವರ್ ಸೆಕೆಂಡರಿಯವರೆಗೆ ಓದಿದವಳು. ಅಕ್ಷರ ಕಂಡರೆ ಬಿಡುವುದಿಲ್ಲ, ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದುತ್ತಾಳೆ. ಓದಿ ಮುಗಿಸಿ, “ಇದರಲ್ಲಿ ನನ್ನ ಹೆಸರಿದೆಯಲ್ಲೋ” ಎಂದಳು.

“ಹೌದಮ್ಮ, ಮನೆಯಲ್ಲಿ ವಯಸ್ಸಾದವರು ಇದ್ದರೆ ಬರೆಯಬೇಕಂತೆ.”

“ನನ್ನ ಸಕ್ಕರೆ ಕಾಯಿಲೆಯನ್ನೂ ಬರೆದಿದ್ದೀಯೆ. ಸರಿ. ನನ್ನ ರುಜು ಎಲ್ಲಿ ಹಾಕಬೇಕು?”

“ನಿನ್ನ ರುಜು ಬೇಕಿಲ್ಲಮ್ಮ. ನಾನು ಹಾಕಿದರೆ ಸಾಕು.”

ಅಮ್ಮ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. “ಹೆಸರು ನನ್ನದು, ಕಾಯಿಲೆ ನನ್ನದು, ಬಂದರೆ ಜೀವವೂ ನನ್ನದೇ ಹೋಗುವುದು. ಒಂದು ಮಾತು ಕೇಳಬಾರದೇ?” ಎಂದು ಹೇಳಿ ತರಕಾರಿ ಹೆಚ್ಚಲು ಹೋದಳು.

ಅರವತ್ತೈದು ದಾಟಿದವರು ಮನೆಯಲ್ಲಿಯೇ ಇರುವುದು ಒಳ್ಳೆಯದೆಂದು ಸರ್ಕಾರ ಸಲಹೆ ಮಾಡಿತ್ತು. ಅಮ್ಮ ಮನೆಯಲ್ಲಿಯೇ ಇದ್ದಳು. ಎರಡು ತಿಂಗಳಿಂದ ದೊಡ್ಡ ಗಣಪತಿಯ ಗುಡಿಗೆ ಕೂಡ ಹೋಗಿರಲಿಲ್ಲ. ಅವಳಿದ್ದಲ್ಲಿಗೆ ರೋಗ ಬರುವುದಾದರೆ ನನ್ನ ಕಾಲಿನಲ್ಲಿಯೇ ನಡೆದು ಬರಬೇಕು. ಕಛೇರಿಗೆ ಹಿಂದಿರುಗುವುದೆಂದರೆ ಇದೇ ಕಷ್ಟ. ನೌಕರನೊಬ್ಬನೇ ಹೋದಂತೆ ಕಾಣುತ್ತದೆ, ಆದರೆ ಅವನ ಹಿಂದೆ ಮನೆಯ ಪರಿವಾರವೆಲ್ಲ ಮೆಟ್ಟಿಲು ಹತ್ತುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರಿಗೆ ಜಾಗವಿಲ್ಲ.

ಆ ರಾತ್ರಿ ಊಟವಾದ ಮೇಲೆ ಅಮ್ಮ ತನ್ನ ಅಜ್ಜನ ಕಥೆ ಹೇಳಿದಳು. ಅವರು 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಪ್ಪತ್ತಮೂರು ವರ್ಷದ ಗುಮಾಸ್ತೆ, ಈಗ ಹೈಕೋರ್ಟು ಇರುವ ಅಠಾರಾ ಕಛೇರಿಯಲ್ಲಿ ಕೆಲಸ. ಮುಂಬಯಿಗೆ ಎರಡು ವರ್ಷ ಮೊದಲೇ ಕಾಲಿಟ್ಟಿದ್ದ ರೋಗ ಆ ವರ್ಷದ ಆಗಸ್ಟಿನಲ್ಲಿ ಇಲ್ಲಿ ಕಾಣಿಸಿಕೊಂಡಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ, ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿದ್ದರು. ಮನೆಯಲ್ಲಿ ಇಲಿ ಬಿದ್ದರೆ ಮುಗಿಯಿತು, ಪಾತ್ರೆ ಪದಾರ್ಥ ಕಟ್ಟಿಕೊಂಡು ಊರಾಚೆಯ ಬಯಲಿನಲ್ಲಿ ಷೆಡ್ಡು ಹಾಕಿಕೊಳ್ಳಬೇಕು. ಅಮ್ಮನ ಅಜ್ಜ ಷೆಡ್ಡಿನಿಂದ ದಿನವೂ ನಡೆದು ಕಛೇರಿಗೆ ಹೋಗಿ ಬರುತ್ತಿದ್ದರಂತೆ. ಸಂಜೆ ಬಂದಾಗ ಅವರ ತಾಯಿ ಷೆಡ್ಡಿನ ಒಳಗೆ ಬಿಟ್ಟುಕೊಳ್ಳದೆ, ಹೊರಗೆ ಕಲ್ಲಿನ ಮೇಲೆ ಕೂರಿಸಿ ಕುದಿಯುವ ನೀರು ಹೊಯ್ದು, ಬಟ್ಟೆಯನ್ನು ಹಂಡೆಯಲ್ಲಿ ಬೇಯಿಸುತ್ತಿದ್ದರಂತೆ. ನಾವು 2020ರಲ್ಲಿ ಮಾಡುತ್ತಿದ್ದುದೂ ಅಷ್ಟೇ. ಹಂಡೆಯ ಬದಲು ಗೀಜರು. ನಾನು ಈಗ ಇರುವ ಬಸವನಗುಡಿ, ಆ ಕಡೆಯ ಮಲ್ಲೇಶ್ವರ ಎರಡೂ ಆ ಪ್ಲೇಗಿನ ಒತ್ತಡದಲ್ಲಿ ಭರದಿಂದ ಬೆಳೆದ ಬಡಾವಣೆಗಳು. ಈ ಅಗಲವಾದ ರಸ್ತೆ, ಮನೆಯ ಹಿಂದಿನ ಈ ಓಣಿ ಎಲ್ಲವೂ ಗಾಳಿ ಬೆಳಕು ಆಡಲೆಂದು ಆಗಿನವರು ಬಿಟ್ಟ ಜಾಗ. ಆಮೇಲಿನವರು ಸಾಧ್ಯವಾದಷ್ಟನ್ನು ಮುಚ್ಚಿದ್ದಾರೆ.

ಒಂದು ವ್ಯತ್ಯಾಸ ಮಾತ್ರ ನನಗೆ ಹೊಳೆಯಿತು. ಪ್ಲೇಗಿನಲ್ಲಿ ಅಪಾಯ ಮನೆಯೊಳಗಿತ್ತು, ಬಯಲು ಕ್ಷೇಮ. ಮನೆ ಬಿಡಿ ಎಂದು ಡಂಗುರ ಸಾರಿದರು. ನಮಗೆ ಹೇಳಿದ್ದು ಮನೆ ಬಿಡಬೇಡಿ ಎಂದು. ಆದರೆ ಸ್ವಲ್ಪ ಆಳವಾಗಿ ನೋಡಿದರೆ ವ್ಯತ್ಯಾಸ ಅಷ್ಟಿಲ್ಲ. ನಮ್ಮ ರೋಗಕ್ಕೂ ಬಯಲೇ ಆಗದು. ಅದಕ್ಕೂ ಬೇಕಾದದ್ದು ಮುಚ್ಚಿದ ಕೋಣೆ, ನಿಂತ ಗಾಳಿ, ಹತ್ತಾರು ಜನರ ಉಸಿರು. ಕಛೇರಿಯೆಂಬುದು ಇದಲ್ಲದೆ ಬೇರೇನು?

ಇದು ಆರಂಭದಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಮುಟ್ಟಿದರೆ ಬರುತ್ತದೆ, ಹತ್ತಿರ ನಿಂತು ಕೆಮ್ಮಿದರೆ ಬರುತ್ತದೆ ಎಂಬುದೇ ಆಗಿನ ಮುಖ್ಯ ಉಪದೇಶ. ಆದ್ದರಿಂದ ನಮ್ಮ ಕಛೇರಿ ಕೈ ತೊಳೆಯುವ ದ್ರಾವಣಕ್ಕೆ, ಮೇಜುಮೇಜಿಗೆ ಗಾಜಿನ ತಡಿಕೆಗೆ, ಜ್ವರ ಅಳೆಯುವ ಪಿಸ್ತೂಲಿಗೆ ಧಾರಾಳವಾಗಿ ಖರ್ಚು ಮಾಡಿತು. ಆದರೆ ಲಕ್ಷಣವೇ ಇಲ್ಲದವರಿಂದಲೂ ರೋಗ ಹಬ್ಬುತ್ತಿದ್ದಾಗ ಪಿಸ್ತೂಲು ಏನು ಮಾಡೀತು? 2020ರ ಜುಲೈ ತಿಂಗಳಲ್ಲಿ 239 ಮಂದಿ ವಿಜ್ಞಾನಿಗಳು ಒಂದು ಬಹಿರಂಗ ಪತ್ರ ಬರೆದು, ಈ ರೋಗ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಬರುತ್ತದೆಂದು ಎಚ್ಚರಿಸಿದರು. ಅದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಆ ಸಾಧ್ಯತೆಯನ್ನು ಅಳುಕುತ್ತ ಒಪ್ಪಿಕೊಂಡಿತು. ಪ್ಲೇಗಿನ ಕಥೆಯೂ ಹೀಗೆಯೇ. ಅದೇ 1898ರಲ್ಲಿ ಕರಾಚಿಯಲ್ಲಿದ್ದ ಸಿಮೋಂ ಎಂಬ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟದಿಂದ ರೋಗ ಬರುತ್ತದೆಂದು ಕಂಡುಹಿಡಿದ. ಅವನ ಮಾತನ್ನು ಲೋಕ ನಂಬಲು ಎಷ್ಟೋ ವರ್ಷ ಬೇಕಾಯಿತು.

ನಮ್ಮ ಕಛೇರಿ ರೆಸಿಡೆನ್ಸಿ ರಸ್ತೆಯ ಬಳಿಯ ಒಂದು ಗಾಜಿನ ಕಟ್ಟಡದ ನಾಲ್ಕನೆಯ ಮಹಡಿ. ಬೆಂಗಳೂರಿನ ಹವೆಯನ್ನು ಅನುಭವಿಸಲೆಂದು ಬಿಳಿಯರು ಇಲ್ಲಿ ದಂಡು ಹೂಡಿದರು, ಪಿಂಚಣಿದಾರರು ಮನೆ ಕಟ್ಟಿದರು. ಆ ಹವೆ ಒಳಗೆ ಬಾರದಂತೆ ಗಾಜು ಜಡಿದು, ಯಂತ್ರದಿಂದ ತಣ್ಣನೆಯ ಗಾಳಿ ಮಾಡಿಕೊಳ್ಳುವುದು ನಮ್ಮ ಕಾಲದ ವಾಸ್ತುಶಿಲ್ಪ. 2020ರ ಜೂನ್ 4ರಂದು ಕೇಂದ್ರದ ಆರೋಗ್ಯ ಖಾತೆ ಕಛೇರಿಗಳಿಗೆಂದೇ ಹೊರಡಿಸಿದ ಸೂಚನೆಯಲ್ಲಿ, ಹವಾನಿಯಂತ್ರಣವನ್ನು 24ರಿಂದ 30 ಡಿಗ್ರಿಯ ನಡುವೆ ಇಡಬೇಕು, ಹೊರಗಿನ ಗಾಳಿ ಆದಷ್ಟೂ ಒಳಗೆ ಬರಬೇಕು ಎಂದಿತ್ತು. ನಾವು ಅದರ ಪ್ರತಿಯನ್ನು ಹಿಡಿದುಕೊಂಡು ಕಿಟಕಿ ಹುಡುಕಲು ಹೊರಟೆವು. ನಾಲ್ಕು ಗೋಡೆಯಲ್ಲಿ ತೆಗೆಯಬಲ್ಲ ಕಿಟಕಿ ಒಂದೂ ಕಾಣಲಿಲ್ಲ. ಕೊನೆಗೆ ಜವಾನನೇ, “ಹಳೇ ರಿಕಾರ್ಡು ರೂಮಲ್ಲಿ ಬೀರು ಹಿಂದೆ ಎರಡು ಐತೆ ಸಾರ್” ಎಂದ. ಕಟ್ಟಡ ಕಟ್ಟಿದಂದಿನಿಂದ ಅದನ್ನು ತೆಗೆದವರಿಲ್ಲ. ಕ್ಯಾಷಿಯರರು, ನಾನು, ಜವಾನ ಮೂವರೂ ಸೇರಿ ಬೀರುವನ್ನು ಸರಿಸಿದೆವು. ತಿರುಪು ತುಕ್ಕು ಹಿಡಿದಿತ್ತು. ಕ್ಯಾಷಿಯರರು ಮನೆಯಿಂದ ತಂದಿದ್ದ ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ಗುದ್ದಾಡಿದ ಮೇಲೆ ಕಿಟಕಿ ತೆರೆಯಿತು. ಹೊರಗೊಂದು ಮಳೆಮರ! ಅದೇ ಕಟ್ಟಡದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದ ನಮಗೆ ಆ ಮರ ಅಲ್ಲಿರುವುದೇ ತಿಳಿದಿರಲಿಲ್ಲ.

ಅದಕ್ಕೂ ಮುಂಚೆ ಒಂದು ಅರ್ಜಿ ಬರೆದಿದ್ದೆವು. ಕರಡು ನನ್ನದು, ಅಕ್ಷರ ಕ್ಯಾಷಿಯರರದು. ಅವರ ಕೈಬರಹ ಮುತ್ತು ಪೋಣಿಸಿದಂತೆ. ಮೂರೇ ಕೋರಿಕೆ: ಗಾಳಿಗೆ ದಾರಿ ಮಾಡಿಸಿ, ಮನೆಯಲ್ಲಿ ವೃದ್ಧರೂ ಕಾಯಿಲೆಯವರೂ ಇರುವವರಿಗೆ ದಿನ ಬಿಟ್ಟು ದಿನ ಕೆಲಸ ಕೊಟ್ಟು, ಬರಲು ಇಷ್ಟವಿರುವವರನ್ನು ಅವರ ಬದಲು ಕರೆಸಿ, ‘ಸ್ವ ಇಚ್ಛೆಯಿಂದ’ ಎಂಬುದನ್ನು ತೆಗೆದು ‘ಕಂಪನಿಯ ಸೂಚನೆಯಂತೆ’ ಎಂದು ಬರೆಯಿಸಿ. ಹದಿನಾಲ್ಕರಲ್ಲಿ ಹನ್ನೊಂದು ಜನ ರುಜು ಹಾಕಿದರು. ಜವಾನನನ್ನೂ ಕೇಳಿದೆ. “ನನ್ನ ಹೆಸರು ಬೇಡಿ ಸಾರ್. ಏಜೆನ್ಸಿಯೋರು ನಾಳೆಯಿಂದ ಬರಬೇಡ ಅಂದರೆ ಮುಗೀತು. ನಿಮಗೆ ಬಾ ಅಂದರೆ ಭಯ, ನಮಗೆ ಬರಬೇಡ ಅಂದರೆ ಭಯ” ಎಂದ.

ಮ್ಯಾನೇಜರು ಕೆಟ್ಟವರಲ್ಲ. ಅವರಿಗೂ ರಕ್ತದೊತ್ತಡ, ಅವರ ಮೇಲೂ ಮುಂಬಯಿಯ ಒತ್ತಡ. ಮೊದಲ ಎರಡು ಕೋರಿಕೆಗಳಿಗೆ ಒಪ್ಪಿದರು. ಆ ಹೆಣ್ಣುಮಗಳು ಮಾರನೆಯ ವಾರವೇ ಬಂದಳು. ಮಧ್ಯಾಹ್ನ ಒಬ್ಬಳೇ ಕುಳಿತು ತಣ್ಣಗೆ ಊಟ ಮಾಡಿದಾಗ ಅವಳ ಮುಖ ನೋಡಬೇಕಾಗಿತ್ತು. ಮೂರನೆಯ ಕೋರಿಕೆಗೆ ಮಾತ್ರ ಮ್ಯಾನೇಜರು ತಲೆಯಾಡಿಸಿದರು. “ಅದು ವಕೀಲರ ಭಾಷೆ ರೀ, ನಾನು ಮುಟ್ಟುವ ಹಾಗಿಲ್ಲ. ಬರೀ ಫಾರ್ಮಾಲಿಟಿ, ಹಾಕಿಬಿಡಿ” ಎಂದರು. ಹಾಕಿದೆವು. ಕ್ಯಾಷಿಯರರು ರುಜು ಹಾಕಿ, ‘ಸ್ವ ಇಚ್ಛೆಯಿಂದ’ ಎಂಬುದರ ಮುಂದೆ ಪೆನ್ಸಿಲಿನಲ್ಲಿ ಒಂದು ಚಿಕ್ಕ ಪ್ರಶ್ನೆ ಚಿಹ್ನೆ ಇಟ್ಟರು. ತಾಳೆಯಾಗದ ಲೆಕ್ಕದ ಮುಂದೆ ಅವರು ಇಡುತ್ತಿದ್ದ ಗುರುತು ಅದು.

ಹೀಗೆ ಒಂದು ವರ್ಷ ಉರುಳಿತು. ಸೆಪ್ಟೆಂಬರಿನಲ್ಲಿ ಮೆಟ್ರೋ ಓಡಿತು. 2021ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ ದಿನಕ್ಕೆ ಹತ್ತು ಸಾವಿರದ ಆಸುಪಾಸಿಗೆ ಪ್ರಕರಣಗಳು ಇಳಿದವು. ಮುಂಬಯಿಯಿಂದ, ಮಾರ್ಚಿ ತಿಂಗಳ ಲೆಕ್ಕ ಮುಗಿಸಲು ಎಲ್ಲರೂ ಬರತಕ್ಕದ್ದೆಂದು ಆಜ್ಞೆಯಾಯಿತು. ದಿನ ಬಿಟ್ಟು ದಿನದ ಏರ್ಪಾಡು ನಿಂತಿತು. ಸೆಕೆಯಾಗುತ್ತದೆಂದು ಕಿಟಕಿ ಮುಚ್ಚಿ ಯಂತ್ರ ಹಾಕಿದರು. ನಲವತ್ತೊಂದು ಜನವೂ ಬಂದು, ಒಂದು ವರ್ಷದ ಮೇಲೆ ಒಬ್ಬರನ್ನೊಬ್ಬರು ಕಂಡ ಸಂಭ್ರಮದಲ್ಲಿ ಗಾಜಿನ ತಡಿಕೆಗಳನ್ನು ಸರಿಸಿ ಹರಟಿದೆವು. ಏಪ್ರಿಲ್ 1ರಿಂದ ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ತೆರೆದಾಗ ಕ್ಯಾಷಿಯರರೂ ನಾನೂ ಒಟ್ಟಿಗೇ ಹೋಗಿ ಮೊದಲ ಸೂಜಿ ಹಾಕಿಸಿಕೊಂಡೆವು.

ಅದು ಮೈಗೆ ಹತ್ತಲು ಕಾಲ ಸಾಕಾಗಲಿಲ್ಲ. ಏಪ್ರಿಲ್ ಮೂರನೆಯ ವಾರದಲ್ಲಿ ನಮ್ಮ ಮಹಡಿಯಲ್ಲಿ ಐವರು ಮಲಗಿದರು. ಕ್ಯಾಷಿಯರರು ಆರನೆಯವರು. 27ನೆಯ ತಾರೀಖು ರಾತ್ರಿಯಿಂದ ರಾಜ್ಯಕ್ಕೆ ಮತ್ತೆ ಬೀಗ ಬಿದ್ದಾಗ ಅವರ ಉಸಿರು ಏದುತ್ತಿತ್ತು. ಆ ದಿನಗಳನ್ನು ಬೆಂಗಳೂರಿನವರಿಗೆ ನಾನು ವರ್ಣಿಸಬೇಕಾಗಿಲ್ಲ. ಹಾಸಿಗೆ ಸಿಗಬೇಕಾದರೆ ಬಿ.ಯು. ನಂಬರು ಬೇಕು, ಪರೀಕ್ಷೆಯ ಫಲ ಬರುವವರೆಗೆ ನಂಬರಿಲ್ಲ, ನಂಬರು ಬಂದರೆ ಹಾಸಿಗೆಯಿಲ್ಲ. ಅವರ ಮಗ ಆಂಬುಲೆನ್ಸಿನಲ್ಲಿ ತಂದೆಯನ್ನು ಕೂರಿಸಿಕೊಂಡು ನಾಲ್ಕು ಆಸ್ಪತ್ರೆ ಸುತ್ತಿದ. ಐದನೆಯದು ಸೇರಿಸಿಕೊಂಡಿತು. ಮೇ ತಿಂಗಳ ಮೊದಲ ವಾರದಲ್ಲಿ ಹೋದರು. ಐವತ್ತೆರಡು ವರ್ಷ. ಅವರ ಪತ್ನಿಗೂ ಬಂದಿತ್ತು, ಉಳಿದುಕೊಂಡರು. ತಾವರೆಕೆರೆಯ ಬಯಲಿನಲ್ಲಿ ಆಗ ತೆರೆದಿದ್ದ ಚಿತಾಗಾರದಲ್ಲಿ ಮಗನೊಬ್ಬನೇ ನಿಂತು ಮುಗಿಸಿಬಂದ. ನಾವು ಫೋನಿನಲ್ಲಿ ನೋಡಿದೆವು.

ರೋಗ ಅವರಿಗೆ ಕಛೇರಿಯಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಬಸ್ಸಿನಿಂದ ಬಂದಿರಬಹುದು, ತರಕಾರಿ ಗಾಡಿಯಿಂದ, ಲಸಿಕೆಯ ಸಾಲಿನಿಂದಲೇ ಬಂದಿರಬಹುದು. ಯಾರೂ ತೋರಿಸಲಾರರು. ಆದರೆ ಆ ಕಾಗದ ನಿಂತಿದ್ದುದೇ ಈ ‘ಯಾರೂ ತೋರಿಸಲಾರರು’ ಎಂಬುದರ ಮೇಲೆ. ತೋರಿಸಬಲ್ಲ ವಿಷಯವಾಗಿದ್ದರೆ ಅದಕ್ಕೆ ಮುಂಗಡವಾಗಿ ರುಜು ಬೇಕಾಗುತ್ತಿರಲಿಲ್ಲ. ಕಂಪನಿ ಅವರ ಮನೆಗೆ ಬರಬೇಕಾದ ಹಣವನ್ನು ಬೇಗ ಕೊಟ್ಟಿತು. ಮ್ಯಾನೇಜರು ತಮ್ಮ ಕೈಯಿಂದಲೂ ಸೇರಿಸಿದರು. ಮುಂದೆ ಸರ್ಕಾರದ ಐವತ್ತು ಸಾವಿರದ ಪರಿಹಾರಕ್ಕೆ ಅರ್ಜಿ ತುಂಬಿಕೊಡಲು ನಾನೂ ಆ ಹೆಣ್ಣುಮಗಳೂ ಹೋಗಿದ್ದೆವು. ಅವರ ಪತ್ನಿ ಒಂದೇ ಪ್ರಶ್ನೆ ಕೇಳಿದರು: “ಆ ಮಾರ್ಚಿ ಲೆಕ್ಕ ಮುಗಿಯಿತೇ ಅಣ್ಣಾ?” ಮುಗಿದಿರಲಿಲ್ಲ. ಆ ವರ್ಷ ಸರ್ಕಾರವೇ ಎಷ್ಟೋ ಗಡುವುಗಳನ್ನು ಮುಂದಕ್ಕೆ ಹಾಕಿತ್ತು.

ಅದೇ 2021ರ ಆಗಸ್ಟಿನಲ್ಲಿ ಒಂದು ಸುದ್ದಿ ಓದಿ ನಗುವುದೋ ಅಳುವುದೋ ತಿಳಿಯದಾಯಿತು. ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದವರೆಗೆ ಮೆಟ್ರೋ ಕೆಲಸ ನಡೆಯುತ್ತಿರುವುದರಿಂದ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳು 2022ರ ಡಿಸೆಂಬರಿನವರೆಗೂ ತಮ್ಮ ನೌಕರರನ್ನು ಮನೆಯಿಂದಲೇ ದುಡಿಸುವುದು ಒಳ್ಳೆಯದೆಂದು ರಾಜ್ಯ ಸರ್ಕಾರ ಸಲಹೆ ಮಾಡಿತ್ತು. ಜನರ ಪುಪ್ಪುಸಕ್ಕೆ ಸಿಗದ ಕಾಲಾವಕಾಶ ಕಾಂಕ್ರೀಟು ಕಂಬಕ್ಕೆ ಸಿಕ್ಕಿತು. ಬೆಂಗಳೂರಿನ ರಸ್ತೆಯೂ ಒಂದು ಸಾಂಕ್ರಾಮಿಕವೆಂದು ಸರ್ಕಾರವೇ ಒಪ್ಪಿಕೊಂಡ ದಾಖಲೆಯೆಂದು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಅಮ್ಮ ಗಟ್ಟಿಯಾಗಿದ್ದಾಳೆ. 2022ರ ಜನವರಿಯಲ್ಲಿ ಒಮಿಕ್ರಾನ್ ನಮ್ಮ ಮನೆಗೂ ಬಂತು. ಅವಳಿಗೆ ಎರಡು ಲಸಿಕೆಯಾಗಿತ್ತು, ನಾಲ್ಕು ದಿನ ಗಂಜಿ ಕುಡಿದು ಎದ್ದಳು. ತಂದವನು ನಾನಲ್ಲ, ಮೊಮ್ಮಗ. ಅವನ ಕಾಲೇಜಿನವರು ಯಾವ ಕಾಗದವನ್ನೂ ಬರೆಸಿಕೊಂಡಿರಲಿಲ್ಲ.

ಕಳೆದ ವರ್ಷ ಕಛೇರಿಯ ಹಳೆಯ ಕಡತಗಳನ್ನು ರದ್ದಿಗೆ ಹಾಕುವ ಕೆಲಸ ನಡೆಯಿತು. ಜವಾನ ಒಂದು ಕೆಂಪು ದಾರದ ಕಡತ ತಂದು ನನ್ನ ಮೇಜಿನ ಮೇಲಿಟ್ಟ. ನಲವತ್ತೊಂದು ಜನರ ರುಜು, ಜೊತೆಗೆ ಮೂರು. ಮೂರರಲ್ಲಿ ಒಂದು ಹೆಬ್ಬೆಟ್ಟು, ಗುಡಿಸುವಾಕೆಯದು. “ಇದನ್ನೂ ಹಾಕಬೈದಾ ಸಾರ್?” ಎಂದು ಕೇಳಿದ. ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಇಡಬೇಕೆಂಬುದು ನನಗೆ ಗೊತ್ತು. ಇದ್ಯಾವ ಲೆಕ್ಕವೆಂದು ಗೊತ್ತಾಗಲಿಲ್ಲ. ಹೊಸ ಮ್ಯಾನೇಜರನ್ನು ಕೇಳಿದೆ. ಅವರು ಮುಂಬಯಿಗೆ ಬರೆದರು. ಕಾನೂನು ವಿಭಾಗದವರು ಯೋಚಿಸಿ ತಿಳಿಸುತ್ತೇವೆಂದಿದ್ದಾರೆ. ಅಲ್ಲಿಯವರೆಗೆ ಇರಲಿ ಎಂದು ಕಡತವನ್ನು ರಿಕಾರ್ಡು ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ. ಕ್ಯಾಷಿಯರರ ಹಾಳೆಯಲ್ಲಿ ಪೆನ್ಸಿಲಿನ ಗುರುತು ಇನ್ನೂ ಮಾಸಿಲ್ಲ.